ಬಿಲ್ಲಿನಲ್ಲಿ ತೆರಿಗೆ: ಅಂಗಡಿಯವರು ಮತ್ತು ಗಿರಾಕಿಗಳ ನಡುವಿನ ಗೊಂದಲದ ಇತಿಹಾಸ

ಮಾರಾಟ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವವನು ವ್ಯಾಪಾರಿ, ಅದರ ಭಾರ ಹೊರುವವನು ಗಿರಾಕಿ. ಕರ್ನಾಟಕದ ಸಣ್ಣ ಅಂಗಡಿಗಳಲ್ಲಿ ತೆರಿಗೆಯ ಕುರಿತು ನಡೆಯುತ್ತ ಬಂದಿರುವ ವಾದಗಳಿಗೆ ಈ ಇಬ್ಬಗೆಯೇ ಮೂಲ.

1935ರ ಭಾರತ ಸರ್ಕಾರ ಕಾಯ್ದೆ ಸರಕು ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟಿತು. ಪಾನನಿಷೇಧದಿಂದ ಅಬಕಾರಿ ವರಮಾನ ಕುಸಿದಾಗ ಮದ್ರಾಸಿನ ರಾಜಾಜಿ ಸರ್ಕಾರ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದವು. ಮೈಸೂರು ಸಂಸ್ಥಾನದ ಕಾನೂನು ಬಂದದ್ದು 1948ರಲ್ಲಿ. ಏಕೀಕರಣದ ನಂತರ, ಪ್ರದೇಶಕ್ಕೊಂದರಂತೆ ಇದ್ದ ಕಾನೂನುಗಳ ಜಾಗದಲ್ಲಿ 1957ರ ಮೈಸೂರು ಮಾರಾಟ ತೆರಿಗೆ ಕಾಯ್ದೆ ನಿಂತಿತು.

ಈ ಕಾಯ್ದೆಯಡಿ ಹಲವು ಸರಕುಗಳಿಗೆ ಒಂದೇ ಹಂತದಲ್ಲಿ ತೆರಿಗೆ ಬೀಳುತ್ತಿತ್ತು. ಮೊದಲ ಮಾರಾಟದಲ್ಲೇ ತೆರಿಗೆ ತೀರಿದ್ದರೆ ಚಿಲ್ಲರೆ ಅಂಗಡಿಯ ಬೆಲೆಯೊಳಗೆ ಅದು ಕಾಣದಂತೆ ಬೆರೆತಿರುತ್ತಿತ್ತು. ಹಾಗಾಗಿ ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿ ಕಂಡಾಗ ಗಿರಾಕಿಗೆ ಅದು ಅಂಗಡಿಯವರೇ ಹೇರಿದ ಹೆಚ್ಚುವರಿಯೆನಿಸುವುದು ಸಹಜವಾಗಿತ್ತು. ‘ಬಿಲ್ ಬೇಡ, ರೇಟು ಕಡಿಮೆ ಮಾಡಿ’ ಎಂಬ ಚೌಕಾಸಿಯ ಹಿಂದೆ ಈ ಭಾವನೆಯೂ ಇದೆ. ಪೊಟ್ಟಣದ ಸರಕಿನಲ್ಲಿ ಮಾತ್ರ ಗಿರಾಕಿಯ ತಕರಾರು ನ್ಯಾಯವಾದದ್ದು: ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ, ಅದರ ಮೇಲೆ ಮತ್ತೆ ತೆರಿಗೆ ಕೂಡಿಸುವಂತಿಲ್ಲ.

2005ರ ಏಪ್ರಿಲ್ 1ರಿಂದ ವ್ಯಾಟ್, 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾದವು. ತೆರಿಗೆ ಹಂತಹಂತವಾಗಿ ಬೀಳತೊಡಗಿ, ಚಿಲ್ಲರೆ ಬಿಲ್ಲಿನಲ್ಲೂ ಎದ್ದು ಕಂಡಿತು. ಜೊತೆಗೆ ಹೊಸ ಸಂಶಯವೂ ಹುಟ್ಟಿತು. ರಾಜಿ ತೆರಿಗೆ ಪದ್ಧತಿ ಆರಿಸಿಕೊಂಡ ಸಣ್ಣ ವ್ಯಾಪಾರಿ ತನ್ನ ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾನೇ ಕಟ್ಟುತ್ತಾನೆ. ಗಿರಾಕಿಯಿಂದ ಅದನ್ನು ವಸೂಲು ಮಾಡುವಂತಿಲ್ಲ. ಅವನ ಬಿಲ್ಲಿನಲ್ಲಿ ತೆರಿಗೆಯ ಸಾಲು ಇಲ್ಲದಿರುವುದು ವಂಚನೆಯಲ್ಲ, ಕಾನೂನಿನ ಪಾಲನೆ. ಹೋಟೆಲುಗಳಲ್ಲಿ ಸೇವಾ ಶುಲ್ಕವನ್ನೂ ತೆರಿಗೆಯೆಂದು ತಿಳಿದವರಿದ್ದಾರೆ. ಆ ಹಣ ಹೋಟೆಲಿಗೆ ಸೇರುತ್ತದೆ, ಸರ್ಕಾರಕ್ಕಲ್ಲ. 2017ರ ನವೆಂಬರ್ 15ರಿಂದ ಬಹುತೇಕ ಹೋಟೆಲುಗಳ ದರ ಶೇ 5ಕ್ಕೆ ಇಳಿದರೂ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ ತಪ್ಪಿತು. ಊಟದ ಬೆಲೆ ತೆರಿಗೆ ಇಳಿದಷ್ಟೇ ಇಳಿಯಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹಲವು ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ‘ಕ್ಯಾಷ್ ಮಾತ್ರ’ ಎಂದು ಬರೆದವು. ಯುಪಿಐ ಪಾವತಿಗೇ ತೆರಿಗೆ ಬಿದ್ದಿದೆ ಎಂಬ ಮಾತು ಹರಡಿತು. ಜಿಎಸ್‌ಟಿ ಬೀಳುವುದು ಸರಕು ಮತ್ತು ಸೇವೆಯ ಪೂರೈಕೆಯ ಮೇಲೆ. ಹಣ ನಗದಾಗಿ ಬಂದರೂ ಮೊಬೈಲಿನಲ್ಲಿ ಬಂದರೂ ಲೆಕ್ಕ ಒಂದೇ. ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ಮೀರಿದಾಗ.