ಮೋಟಾರು ಕಾರಿನ ಪಥಪಾಲನೆ: ಒಂದು ಗೆರೆಯ ಇತಿಹಾಸ

ರಸ್ತೆಯ ನಡುವೆ ಬಿಳಿಯ ಗೆರೆಯನ್ನು ಮೊತ್ತಮೊದಲು ಎಳೆಯಿಸಿದವರು ಯಾರೆಂಬ ವಿಷಯದಲ್ಲಿ ಅಮೆರಿಕದ ಎರಡು ಸಂಸ್ಥಾನಗಳಿಗೆ ಒಮ್ಮತವಿಲ್ಲ. ವೇನ್ ಕೌಂಟಿಯ ರಸ್ತೆ ಕಮಿಷನರಾಗಿದ್ದ ಎಡ್ವರ್ಡ್ ಹೈನ್ಸ್ ಎಂಬುವರು ೧೯೧೧ರಲ್ಲಿ ಟ್ರೆಂಟನ್ ಊರಿನ ರಿವರ್ ರೋಡಿನಲ್ಲಿ ಅದನ್ನು ಎಳೆಯಿಸಿದರೆಂದು ಮಿಷಿಗನ್ನಿನವರು ಹೇಳುವರು. ಹಾಲಿನ ಬಂಡಿಯೊಂದು ಸೋರುತ್ತ ಹೋದ ಜಾಡನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂಬ ಐತಿಹ್ಯವೂ ಉಂಟು. ಕ್ಯಾಲಿಫೋರ್ನಿಯಾದವರು ಇಂಡಿಯೊ ಪ್ರಾಂತದ ವೈದ್ಯೆ ಜೂನ್ ಮೆಕ್ಯಾರೊಲ್ ಅವರ ಹೆಸರನ್ನು ಮುಂದಿಡುವರು. ಎದುರಿನಿಂದ ಬಂದ ಲಾರಿಯೊಂದು ತಮ್ಮ ಕಾರನ್ನು ರಸ್ತೆಯಿಂದ ಮರಳಿಗೆ ಇಳಿಯಿಸಿದ ಮೇಲೆ, ೧೯೧೭ರಲ್ಲಿ ಆಕೆ ಗೆರೆ ಬಳಿದರೆಂದು ಅಲ್ಲಿನ ಪ್ರತೀತಿ. ಕಾಲದ ಲೆಕ್ಕದಲ್ಲಿ ಮಿಷಿಗನ್ನಿನ ವಾದವೇ ಮೇಲಾಗಿರುವುದು. ಆದರೆ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೊಂದು ಸಂಗತಿ: ಗೆರೆ ಹುಟ್ಟಿದ್ದು ಮನುಷ್ಯನ ಕಣ್ಣಿಗಾಗಿ. ಅದು ಅಳಿಸಿಹೋದ ಕಡೆ ಚಾಲಕನು ತನ್ನ ವಿವೇಕದಿಂದ ಆ ತೆರಪನ್ನು ತುಂಬಿಕೊಳ್ಳುತ್ತಿದ್ದನು. ಈಗ ಅದೇ ಗೆರೆಯನ್ನು ಯಂತ್ರವು ಓದುತ್ತಿದೆ.

ಎಂಜಿನಿಯರುಗಳ ದೃಷ್ಟಿ ಮೊದಲು ಈ ಗೆರೆಯ ಮೇಲೆ ಬಿದ್ದಿರಲಿಲ್ಲ. ರಸ್ತೆಯೇ ಗಾಡಿಯನ್ನು ನಡೆಯಿಸಬೇಕೆಂಬುದು ಅವರ ಆದಿಯ ಎಣಿಕೆ. ಅಮೆರಿಕದ ಆರ್.ಸಿ.ಎ. ಪ್ರಯೋಗಾಲಯವು ೧೯೫೭ರಲ್ಲಿ ನೆಬ್ರಾಸ್ಕಾ ಸಂಸ್ಥಾನದ ಲಿಂಕನ್ ನಗರದ ಹೊರಗೆ ೪೦೦ ಅಡಿ ಉದ್ದದ ಹೆದ್ದಾರಿಯಲ್ಲಿ ವಿದ್ಯುತ್ ತಂತಿಗಳನ್ನು ಹುಗಿದು ಈ ಪದ್ಧತಿಯನ್ನು ಪ್ರದರ್ಶಿಸಿತು. ೧೯೬೦ರ ದಶಕದಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು ಸಿಟ್ರೊಯೆನ್ ಕಾರೊಂದನ್ನು ಪರೀಕ್ಷಾಪಥದಲ್ಲಿ ಹುಗಿದ ತಂತಿಯ ಆಧಾರದಿಂದಲೇ ಗಂಟೆಗೆ ೮೦ ಮೈಲಿ ವೇಗದಲ್ಲಿ ಓಡಿಸಿದರು. ಹಿಮವಾಗಲಿ ಕತ್ತಲೆಯಾಗಲಿ ತಂತಿಯನ್ನು ಮರೆಮಾಡಲಾರದು. ಗುಣದಲ್ಲಿ ಇದು ಮುಂದೆ ಬಂದ ಪದ್ಧತಿಗಿಂತ ಕಡಿಮೆಯದಲ್ಲ. ಆದರೆ ದೇಶದ ರಸ್ತೆಗಳನ್ನೆಲ್ಲ ಅಗೆಯುವ ವೆಚ್ಚವನ್ನು ಹೊರುವವರಾರು? ಪದ್ಧತಿ ಕೈಬಿಟ್ಟುಹೋಯಿತು.

ಹಾಗಾದುದರಿಂದ ಗಾಡಿಗೇ ಕಣ್ಣು ಕೊಡುವ ಪ್ರಯತ್ನಗಳು ತೊಡಗಿದುವು. ೧೯೭೭ರಲ್ಲಿ ಜಪಾನಿನ ತ್ಸುಕುಬಾದ ವಿದ್ವಾಂಸರು ಕ್ಯಾಮೆರಾಗಳ ನೆರವಿನಿಂದ ಗೆರೆಯನ್ನು ಹಿಡಿಯುವ ಕಾರನ್ನು ಗಂಟೆಗೆ ೩೦ ಕಿಲೋಮೀಟರಿನ ವರೆಗೆ ನಡೆಯಿಸಿದರು. ಜರ್ಮನಿಯ ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕ ಅರ್ನ್ಸ್ಟ್ ಡಿಕ್ಮಾನ್ಸರು ಮಾಡಿದ ಕಾರ್ಯ ಇದಕ್ಕಿಂತ ಹಿರಿದು. ಅಂದಿನ ಗಣಕಯಂತ್ರಗಳು ಇಡಿಯ ಚಿತ್ರವನ್ನು ಓದುವಷ್ಟು ಚುರುಕಾಗಿರಲಿಲ್ಲ. ಆದಕಾರಣ ಅವರು, ರಸ್ತೆಯ ತಿರುವು ಥಟ್ಟನೆ ಬಾರದೆ ಮೆಲ್ಲಮೆಲ್ಲನೆ ಹೆಚ್ಚುವುದೆಂಬ ರಸ್ತೆ ಕಟ್ಟುವವರ ನಿಯಮವನ್ನೇ ಗಣಿತಕ್ಕೆ ಅಳವಡಿಸಿ, ಗೆರೆ ಮುಂದಿನ ಕ್ಷಣದಲ್ಲಿ ಎಲ್ಲಿರತಕ್ಕದ್ದೆಂದು ಮೊದಲೇ ಎಣಿಸಿ, ಚಿತ್ರದ ಆ ಚಿಕ್ಕ ಭಾಗವನ್ನು ಮಾತ್ರ ಪರೀಕ್ಷಿಸುವ ಉಪಾಯವನ್ನು ಕಂಡುಕೊಂಡರು. ೧೯೮೭ರಲ್ಲಿ ಅವರ ಗಾಡಿ ತೆರಪಾದ ಹೆದ್ದಾರಿಯಲ್ಲಿ ಗಂಟೆಗೆ ೯೬ ಕಿಲೋಮೀಟರು ವೇಗವನ್ನು ಮುಟ್ಟಿತು.

೧೯೯೫ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪಿಟ್ಸ್‌ಬರ್ಗಿನಿಂದ ಸ್ಯಾನ್ ಡಿಯೆಗೊವರೆಗೆ ೨೮೪೯ ಮೈಲಿ ಪ್ರಯಾಣಮಾಡಿದರು. ವೇಗವನ್ನೂ ಬ್ರೇಕನ್ನೂ ಅವರೇ ನೋಡಿಕೊಂಡರು. ೨೭೯೭ ಮೈಲಿಗಳಲ್ಲಿ ಸ್ಟಿಯರಿಂಗ್ ಚಕ್ರವನ್ನು ಯಂತ್ರವೇ ತಿರುಗಿಸಿತು. ನೂರಕ್ಕೆ ೯೮ ಪಾಲು ಗೆದ್ದಿತೆಂಬ ಪ್ರಶಂಸೆ ಯುಕ್ತವೇ ಸರಿ. ಉಳಿದ ೫೨ ಮೈಲಿಗಳಲ್ಲಿ ಮನುಷ್ಯನ ಕೈ ಬೇಕಾಯಿತೆಂಬುದನ್ನು ಮರೆತವರೇ ಹೆಚ್ಚು.

ಮಾರಾಟದ ಕಾರುಗಳಿಗೆ ಈ ವಿದ್ಯೆ ಇಳಿದುದು ೨೦೦೧ರಲ್ಲಿ, ಜಪಾನಿನ ನಿಸ್ಸಾನ್ ಸೀಮಾ ಕಾರಿನಲ್ಲಿ. ಎರಡು ವರ್ಷಗಳ ತರುವಾಯ ಹೊಂಡಾ ಇನ್‌ಸ್ಪೈರ್ ಕಾರಿನಲ್ಲಿಯೂ ಇದು ಬಂದಿತು. ಯಂತ್ರದ ಕೆಲಸ ಹೀಗಿರುವುದು. ಮುಂದಣ ಗಾಜಿನ ಹಿಂದೆ, ಕನ್ನಡಿಯ ಬಳಿಯಲ್ಲಿ ಕುಳಿತ ಕ್ಯಾಮೆರಾ ಚಿತ್ರದಲ್ಲಿ ಕಪ್ಪು ಬಿಳುಪಾಗುವ, ಬಿಳುಪು ಮರಳಿ ಕಪ್ಪಾಗುವ ಅಂಚುಗಳನ್ನು ಹುಡುಕುತ್ತದೆ. ಕ್ಯಾಮೆರಾದ ಎತ್ತರವೂ ಓರೆಯೂ ಗೊತ್ತಿರುವುದರಿಂದ ಆ ಬಿಂದುಗಳನ್ನು ನೆಲದ ಮೇಲಣ ಅಳತೆಗೆ ತಿರುಗಿಸಿ, ಗಾಡಿಯು ಗೆರೆಯಿಂದ ಎಷ್ಟು ದೂರದಲ್ಲಿದೆ, ಯಾವ ಕೋನದಲ್ಲಿ ಅದರತ್ತ ಸರಿಯುತ್ತಿದೆ ಎಂಬುದನ್ನು ಗಣಕಯಂತ್ರವು ಕಂಡುಕೊಳ್ಳುತ್ತದೆ. ಬಳಿಕ ಸ್ಟಿಯರಿಂಗಿಗೆ ಜೋಡಿಸಿದ ವಿದ್ಯುನ್ಮೋಟಾರು ಮೆಲ್ಲಗೆ ಒತ್ತುಕೊಡುವುದು. ಚಾಲಕನ ಕೈ ಸುಲಭವಾಗಿ ಮೀರಬಲ್ಲಷ್ಟೇ ಬಲ ಅದಕ್ಕೆ. ಇದು ಬೇಕೆಂದೇ ಇಟ್ಟ ಮಿತಿ. ಚಾಲಕನು ಚಕ್ರವನ್ನು ಹಿಡಿದಿರುವನೇ ಎಂಬುದನ್ನು ಅನೇಕ ಕಾರುಗಳು ಕೈಯ ಒತ್ತಡದಿಂದ ಅರಿಯುತ್ತವೆ. ಆದರೆ ಕೈ ಚಕ್ರದ ಮೇಲಿದ್ದ ಮಾತ್ರಕ್ಕೆ ಮನಸ್ಸು ರಸ್ತೆಯ ಮೇಲಿರಬೇಕೆಂದಿಲ್ಲ.

ಬೇಕೆಂದಿರದ ಮಿತಿಗಳೇ ಹೆಚ್ಚಾಗಿವೆ. ಸವೆದ ಬಣ್ಣ, ಹಿಮ, ಮಳೆಯ ರಾತ್ರಿ ನೆಲದ ಮೇಲೆ ಹೊಳೆಯುವ ಎದುರುದೀಪ, ದುರಸ್ತಿಯ ಕಾಲದಲ್ಲಿ ಅಳಿಸದೆ ಬಿಟ್ಟ ಹಳೆಯ ಗೆರೆ, ಬಿಸಿಲಿಗೆ ಮಿನುಗುವ ಡಾಂಬರಿನ ಬೆಸುಗೆ ಇವೆಲ್ಲವೂ ಯಂತ್ರವನ್ನು ಕುರುಡಾಗಿಸುವುವು ಇಲ್ಲವೆ ಮೋಸಗೊಳಿಸುವುವು. ಸಂತೆಯಿಂದ ಮರಳುವ ರೈತನು ಗಾಡಿಯಲ್ಲಿ ನಿದ್ದೆಹೋದರೂ ಎತ್ತುಗಳು ಅವನನ್ನು ಮನೆಗೆ ಮುಟ್ಟಿಸುತ್ತಿದ್ದುವು; ಅವುಗಳಿಗೆ ದಾರಿ ತಿಳಿದಿತ್ತು. ಯಂತ್ರಕ್ಕೆ ತಿಳಿದಿರುವುದು ಗೆರೆಯೊಂದೇ.

ಈ ಭೇದದ ಬೆಲೆ ೨೦೧೮ರ ಮಾರ್ಚಿ ೨೩ರಂದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದಲ್ಲಿ ಕಂಡುಬಂದಿತು. ಅಲ್ಲಿ ಹೆದ್ದಾರಿಯಿಂದ ಎಡಕ್ಕೆ ಒಂದು ದಾರಿ ಕವಲೊಡೆಯುತ್ತದೆ. ಎರಡು ದಾರಿಗಳ ನಡುವಣ ತ್ರಿಕೋನಾಕಾರದ ಜಾಗಕ್ಕೆ ಎರಡು ಬದಿಗಳಲ್ಲಿಯೂ ಗೆರೆಗಳಿರುವುದರಿಂದ ಅದು ಒಂದು ಪಥದಂತೆಯೇ ತೋರುವುದು, ಗೆರೆಗಳೂ ಮಾಸಿದ್ದುವು. ತಾನೇ ಸ್ಟಿಯರಿಂಗ್ ನಡೆಸುತ್ತಿದ್ದ ವಿದ್ಯುತ್ ಕಾರೊಂದು ಆ ಜಾಗಕ್ಕೆ ಹೊರಳಿ, ಮುಂದೆ ಬೇರೆ ಗಾಡಿ ಕಾಣದುದರಿಂದ ವೇಗವನ್ನೂ ಹೆಚ್ಚಿಸಿಕೊಂಡು, ಗಂಟೆಗೆ ಸುಮಾರು ೭೧ ಮೈಲಿ ವೇಗದಲ್ಲಿ ಕಾಂಕ್ರೀಟು ತಡೆಗೋಡೆಯ ತುದಿಗೆ ಬಡಿಯಿತು. ಕೊನೆಯ ಆರು ಸೆಕೆಂಡುಗಳಲ್ಲಿ ಚಾಲಕನ ಕೈ ಚಕ್ರದ ಮೇಲೆ ತಿಳಿದುಬರಲಿಲ್ಲ. ಗೋಡೆಯ ಮುಂದಿದ್ದ ಆಘಾತಶಮನಿಯು ೧೧ ದಿನಗಳ ಹಿಂದಿನ ಅಪಘಾತದಲ್ಲಿ ಮುರಿದು ದುರಸ್ತಿಯಾಗದೆ ಇದ್ದಿತು. ಚಾಲಕನು ಮೃತನಾದನು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ೨೦೨೦ರಲ್ಲಿ ಕೊಟ್ಟ ತೀರ್ಮಾನದಲ್ಲಿ ಯಂತ್ರದ ಮಿತಿಯನ್ನೂ, ಅದನ್ನು ಅತಿಯಾಗಿ ನಂಬಿ ದೂರವಾಣಿಯ ಆಟದಲ್ಲಿ ತೊಡಗಿದ್ದ ಚಾಲಕನ ಅನವಧಾನವನ್ನೂ ಕಾರಣವೆಂದಿತು. ಮಾಸಿದ ಗೆರೆಗೆ ಬಣ್ಣ ಬಳಿಯಬೇಕಾಗಿದ್ದವರ ಹೊಣೆಯನ್ನು ಇತಿಹಾಸಕಾರನು ಇವೆರಡರ ಪಕ್ಕದಲ್ಲಿಯೇ ಇಡಬೇಕಾಗುವುದು.

ಯೂರೋಪಿನ ಒಕ್ಕೂಟವು ೨೦೧೯ರಲ್ಲಿ ಮಾಡಿದ ಕಾನೂನಿನಂತೆ, ಗಾಡಿ ಪಥ ತಪ್ಪುವಾಗ ಅಡ್ಡಬರುವ ತುರ್ತು ಪಥಪಾಲನ ಯಂತ್ರವು ೨೦೨೪ರ ಜುಲೈ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಅದೇ ೨೦೧೯ರಲ್ಲಿ ರಸ್ತೆಗಳ ವಿಷಯವಾಗಿಯೂ ಒಂದು ನಿರ್ದೇಶವು ಹೊರಟಿತು: ಮುಖ್ಯ ರಸ್ತೆಗಳ ಗೆರೆಗಳೂ ಫಲಕಗಳೂ ಚಾಲಕರಿಗೆ ಮಾತ್ರವಲ್ಲದೆ ಇಂಥ ಯಂತ್ರಗಳಿಗೂ ಓದಲು ಬರುವಂತಿರಬೇಕೆಂಬುದರ ಕಡೆಗೆ ಅಧಿಕಾರಿಗಳು ಗಮನಕೊಡತಕ್ಕದ್ದು. ನೆಬ್ರಾಸ್ಕಾದ ತಂತಿಯೊಡನೆ ರಸ್ತೆಯ ಹೆಗಲಿನಿಂದ ಇಳಿದಿದ್ದ ಹೊರೆ ಅರುವತ್ತೆರಡು ವರ್ಷಗಳ ಮೇಲೆ, ಬಣ್ಣದ ರೂಪದಲ್ಲಿ, ಮರಳಿ ರಸ್ತೆಗೇ ಬಂದಿತು.