ಸೈನ್ಯದಿಂದ ಮನೆಗೆ: ಮರಳಿ ಬಂದವರ ಚರಿತ್ರೆ

ನಮ್ಮ ಸೀಮೆಯ ಹಳೆಯ ಊರುಗಳಲ್ಲಿ ವೀರಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಲೋಕ. ಇವೆಲ್ಲವೂ ರಣದಲ್ಲಿ ಮಡಿದವರಿಗೆ ಸಂದ ಗೌರವ. ಆದರೆ ಕಾದಾಡಿಯೂ ಬದುಕುಳಿದು ಮನೆಗೆ ಮರಳಿದವನಿಗೆ ಕಲ್ಲೂ ಇಲ್ಲ, ಶಾಸನವೂ ಇಲ್ಲ. ಈ ಲೇಖನ ಅವನನ್ನು ಕುರಿತದ್ದು. ಸೇವೆಯಿಂದ ಆತ ಹೊರಬಂದ ಬಗೆ ಅವನ ಮುಂದಿನ ಬಾಳನ್ನು, ಕೆಲವೊಮ್ಮೆ ಅವನ ಪ್ರಾಣವನ್ನೇ ನಿರ್ಧರಿಸಿದೆ ಎಂಬುದನ್ನು ಆದವಾನಿ ಪ್ರಾಂತದ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಪ್ರಾಚೀನ ಕರ್ನಾಟಕದಲ್ಲಿ ಸೇವೆಯಿಂದ ಹೊರಬರುವ ಪ್ರಶ್ನೆಯೇ ಇಲ್ಲದ ಒಂದು ವರ್ಗವಿತ್ತು. ವೇಳೆವಾಳಿಗಳು, ಲೆಂಕರು, ಗರುಡರು ಎಂಬ ಈ ಯೋಧರು ಒಡೆಯನೊಡನೆ ತಾವೂ ಸಾಯುವೆವೆಂದು ವ್ರತ ತೊಡುತ್ತಿದ್ದರು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಆತ್ಮಾರ್ಪಣೆಯನ್ನು ಹಳೇಬೀಡಿನ ಕಂಬ ಸಾರುತ್ತದೆ. ಇದನ್ನು ಸ್ವಾಮಿನಿಷ್ಠೆಯೆಂದು ಕೊಂಡಾಡಿದ್ದೇವೆ. ಒಡೆಯನಿಲ್ಲದ ಯೋಧನಿಗೆ ಬಾಳುವ ಹಕ್ಕಿಲ್ಲವೆಂಬ ಭಾವ ಅದರೊಳಗೆ ಅಡಗಿರುವುದನ್ನು ಗಮನಿಸಿದವರು ಕಡಿಮೆ.

ಹದಿನೆಂಟನೆಯ ಶತಮಾನಕ್ಕೆ ಬರುವಾಗ ಸ್ಥಿತಿ ಬೇರೆಯಾಗಿತ್ತು. ಆದವಾನಿಯು ಆಗ ನಿಜಾಮ ಅಲಿಯ ಸಹೋದರ ಬಸಾಲತ್ ಜಂಗನ ಜಹಗೀರು. ಆತನ ಆಶ್ರಯದಲ್ಲಿ ಲಾಲಿ ಎಂಬ ಫ್ರೆಂಚ್ ಸೇನಾನಿಯ ಪಡೆಯಿತ್ತು. ಇಂಗ್ಲಿಷರ ಒತ್ತಾಯದಿಂದ ಬಸಾಲತ್ ಜಂಗನು ಅದನ್ನು ಕೈಬಿಟ್ಟಾಗ ಆ ಪಡೆ ಬೀದಿಪಾಲಾಗಲಿಲ್ಲ. ಕೆಲವೇ ಕಾಲದಲ್ಲಿ ಲಾಲಿ ಹೈದರಾಲಿಯ ಪಕ್ಷದಲ್ಲಿ ಕಾದಾಡುತ್ತಿದ್ದನು. ಒಂದು ಬಾಗಿಲು ಮುಚ್ಚಿದರೆ ಸಿಪಾಯಿಗೆ ಮತ್ತೊಂದು ಬಾಗಿಲು ತೆರೆದಿರುತ್ತಿದ್ದ ಕಾಲವದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಟಿಪ್ಪುವಿನ ಸೈನ್ಯ ಚದುರಿತು. ಕೆಲಸ ಕಳೆದುಕೊಂಡ ಸಿಪಾಯಿಗಳು ಅನ್ನಕ್ಕಾಗಿ ಅಲೆದರು. ಅದೇ ಸೆರೆಮನೆಯಿಂದ ಬಿಡುಗಡೆಯಾದ ಧೋಂಡಿಯಾ ವಾಘನು ಇಂಥವರನ್ನೇ ಕೂಡಿಸಿಕೊಂಡು ದೊಡ್ಡ ದಂಡನ್ನು ಕಟ್ಟಿದನು. ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಆ ದಂಡನ್ನು ಮುರಿದನು. ಧೋಂಡಿಯಾ ಅಲ್ಲಿಯೇ ಹತನಾದನು.

ಅದೇ ಸಮಯದಲ್ಲಿ ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರು ಬೇರೊಂದು ದಾರಿ ಹಿಡಿದರು. ಸಾವಿರಾರು ಸಿಪಾಯಿಗಳನ್ನು ಕಂದಾಚಾರದ ಪಡೆಯಲ್ಲಿ ಉಳಿಸಿಕೊಂಡು, ಊರ ಕಾವಲಿನ ಕೆಲಸವನ್ನೂ ಅಲ್ಪ ಸಂಬಳವನ್ನೂ ಕೊಟ್ಟರು. ಅವರು ತಮ್ಮ ಊರಿನಲ್ಲಿ ಒಕ್ಕಲುತನ ಮಾಡಿಕೊಂಡೇ ಸರ್ಕಾರದ ಜನರಾಗಿ ಉಳಿದರು. ಒಂದೇ ಸೈನ್ಯದಿಂದ ಹೊರಬಿದ್ದ ಜನರಲ್ಲಿ ಒಬ್ಬನಿಗೆ ಬಂಡಾಯ, ಇನ್ನೊಬ್ಬನಿಗೆ ಹೊಲಮನೆ ದೊರೆತದ್ದು ಶೌರ್ಯದ ಹೆಚ್ಚುಕಡಿಮೆಯಿಂದಲ್ಲ, ಬಿಡುಗಡೆಯ ಬಗೆಯಿಂದ.

1800ರ ಅಕ್ಟೋಬರ್ 12ರ ಒಪ್ಪಂದದಂತೆ ಆದವಾನಿಯೂ ಸೇರಿದ ದತ್ತ ಮಂಡಲ ಕಂಪನಿಯ ವಶಕ್ಕೆ ಬಂತು. ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗಿನ ತನ್ನ ಆಡಳಿತದಲ್ಲಿ ಪಾಳೆಯಗಾರರ ಬಲವನ್ನು ಮುರಿದನು. ಅವರನ್ನು ನಂಬಿದ್ದ ಕಟ್ಟುಬಡಿಗಳು, ಎಂದರೆ ಇನಾಮು ಭೂಮಿಗೆ ಪ್ರತಿಯಾಗಿ ಆಯುಧ ಹಿಡಿಯುತ್ತಿದ್ದ ಜನರು, ತಲೆಮಾರುಗಳ ವೃತ್ತಿಯ ಅರ್ಥವನ್ನೇ ಕಳೆದುಕೊಂಡರು. ಉಳಿದಿದ್ದ ಇನಾಮು ಭೂಮಿಯನ್ನೂ ಸರ್ಕಾರ ಹಿಂತೆಗೆದುಕೊಳ್ಳುವುದೆಂಬ ಭಯವೇ 1846ರಲ್ಲಿ ಅನೇಕ ಕಟ್ಟುಬಡಿಗಳನ್ನು ಉಯ್ಯಾಲವಾಡ ನರಸಿಂಹಾರೆಡ್ಡಿಯ ಬೆನ್ನ ಹಿಂದೆ ನಿಲ್ಲಿಸಿತು. 1847ರ ಫೆಬ್ರವರಿ 22ರಂದು ಕೋಯಿಲಕುಂಟ್ಲದಲ್ಲಿ ಆತನನ್ನು ಗಲ್ಲಿಗೇರಿಸುವುದರೊಂದಿಗೆ ಆ ದಂಗೆ ಮುಗಿಯಿತು.

ಸರ್ಕಾರದ ದಫ್ತರಗಳು ದಂಗೆಯೆದ್ದವನನ್ನು ಬರೆದಿಟ್ಟವು. ಒಳಗೊಳಗೇ ಕುಸಿದು ಮನೆಯ ಜಗುಲಿಯಲ್ಲಿ ಮೌನವಾಗಿ ಕುಳಿತವನನ್ನು ಯಾವ ದಫ್ತರವೂ ಬರೆಯಲಿಲ್ಲ. ಅವನ ಲೆಕ್ಕವನ್ನು ಜಗತ್ತು ಸರಿಯಾಗಿ ಇಡತೊಡಗಿದ್ದು ಈಚಿನ ದಶಕಗಳಲ್ಲಿ.

1996ರಿಂದ 2005ರವರೆಗೆ ಬ್ರಿಟನ್ನಿನ ಸೇನೆಗಳನ್ನು ಬಿಟ್ಟ 2,33,803 ಜನರನ್ನು ಕುರಿತ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ 224 ಜನರು ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಒಟ್ಟಾರೆ ನೋಡಿದರೆ ಇದು ಸಾಮಾನ್ಯ ಜನರಿಗಿಂತ ಹೆಚ್ಚಿನ ಪ್ರಮಾಣವಲ್ಲ. ಆದರೆ 24 ವರ್ಷದೊಳಗಿನ ಯುವಕರಲ್ಲಿ ಅಪಾಯ ಎರಡು ಮೂರು ಪಟ್ಟು ಹೆಚ್ಚಿತ್ತು; ಅಲ್ಪಕಾಲ ಸೇವೆ ಮಾಡಿ ಹೊರಬಂದವರಲ್ಲಿಯೂ ಅದು ಅಧಿಕವಾಗಿತ್ತು. ಅಮೆರಿಕದ 39 ಲಕ್ಷ ಸೈನಿಕರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ಪಷ್ಟವಾಗಿ ನುಡಿಯಿತು. ಯುದ್ಧಭೂಮಿಗೆ ಹೋಗಿಬಂದುದಕ್ಕೂ ಆತ್ಮಹತ್ಯೆಗೂ ನೇರ ಸಂಬಂಧ ಕಾಣಲಿಲ್ಲ. ಸೇವೆ ಬಿಟ್ಟುದಕ್ಕೂ ಆತ್ಮಹತ್ಯೆಗೂ ಸಂಬಂಧ ಕಂಡಿತು. ನಾಲ್ಕು ವರ್ಷ ತುಂಬುವ ಮೊದಲೇ ಹೊರಬಂದವರಲ್ಲಿ ಅಪಾಯ ಹೆಚ್ಚು. ಗೌರವಯುತ ಬಿಡುಗಡೆ ಪಡೆಯದವರಲ್ಲಿ ಆತ್ಮಹತ್ಯೆಯ ಪ್ರಮಾಣ ಗೌರವದಿಂದ ಬಿಡುಗಡೆಯಾದವರಿಗಿಂತ ಸುಮಾರು ಇಮ್ಮಡಿ. ಆಸ್ಟ್ರೇಲಿಯಾ ಇದಕ್ಕಾಗಿ ಒಂದು ರಾಜ ಆಯೋಗವನ್ನೇ ನೇಮಿಸಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಅದರ ಅಂತಿಮ ವರದಿ, ಸೈನಿಕನನ್ನು ನಾಗರಿಕ ಜೀವನಕ್ಕೆ ದಾಟಿಸುವ ಹೊಣೆಗೆ ಒತ್ತುಕೊಟ್ಟಿತು.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸೈನ್ಯವು ಅನ್ನ, ಬಟ್ಟೆ, ದಿನಚರಿ, ಸಂಗಾತಿಗಳು, ಹೆಸರು ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ. ಹೊರಬಂದ ದಿನ ಅವೆಲ್ಲವೂ ಒಟ್ಟಿಗೆ ಹೋಗುತ್ತವೆ. ಅದರ ಮೇಲೆ ಅವಮಾನದ ಹೊರೆಯೂ ಬಿದ್ದರೆ, ಸಹಾಯ ಕೇಳುವ ಬಾಯಿಯೂ ಕಟ್ಟಿಹೋಗುತ್ತದೆ.

ನಮ್ಮ ದೇಶದಲ್ಲಿ ಮೊದಲನೆಯ ಮಹಾಯುದ್ಧದ ಕಾಲಕ್ಕೇ ಸೈನಿಕರ ಹಿತ ನೋಡುವ ಮಂಡಳಿಯ ಬೀಜ ಬಿತ್ತಲ್ಪಟ್ಟಿತು. ಅದೇ ಇಂದಿನ ಕೇಂದ್ರೀಯ ಸೈನಿಕ ಮಂಡಳಿ. ಹದಿನೈದು ವರ್ಷ ಸೇವೆ ಸಲ್ಲಿಸಿದ ಜವಾನನಿಗೆ ನಿವೃತ್ತಿ ವೇತನವುಂಟು. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ನಡೆಯುತ್ತಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇರಿದ ತರುಣರಲ್ಲಿ ನಾಲ್ಕು ವರ್ಷಗಳ ಬಳಿಕ ನೂರಕ್ಕೆ 25ರವರೆಗೆ ಮಾತ್ರ ಸೇನೆಯಲ್ಲಿ ಉಳಿಯುವರು. ಉಳಿದವರು ಸೇವಾನಿಧಿಯನ್ನು ಪಡೆದು ಇಪ್ಪತ್ತರ ಹರೆಯದಲ್ಲಿಯೇ ಮನೆಗೆ ಮರಳುವರು. ಯೋಜನೆಯ ಗುಣದೋಷಗಳ ವಿಚಾರಣೆ ಇಲ್ಲಿಗೆ ಸೇರಿದ್ದಲ್ಲ. ಆದರೆ ಕಿರಿಯ ವಯಸ್ಸು, ಅಲ್ಪ ಸೇವೆ ಎಂಬ ಎರಡು ಎಚ್ಚರಿಕೆಗಳನ್ನು ಬೇರೆ ದೇಶಗಳ ಅನುಭವ ನಮ್ಮ ಮುಂದಿಟ್ಟಿದೆ. ಹಾಗೆ ಮರಳುವವರನ್ನು ಊರು ‘ಸೇನೆಗೆ ಬೇಡವಾದವನು’ ಎಂದು ಕಾಣದೆ, ‘ಕರ್ತವ್ಯ ಮುಗಿಸಿ ಬಂದವನು’ ಎಂದು ಕಾಣಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ಹೊಣೆಯೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಇಲ್ಲಿನ ಕನ್ನಡ ಮನೆಯ ಜವಾನನು ಪಲ್ಟಣದಲ್ಲಿ ಹಿಂದಿಯನ್ನೂ, ಕರ್ನೂಲಿನ ಕಚೇರಿಗಳಲ್ಲಿ ತೆಲುಗನ್ನೂ ಆಡುತ್ತಾನೆ. ಅರ್ಜಿ ಬರೆಯಲು ಆ ಭಾಷೆಗಳು ಸಾಕು. ‘ನನಗೆ ಬಾಳು ಬೇಡವೆನಿಸಿದೆ’ ಎಂಬ ಮಾತು ಮಾತ್ರ ತಾಯ್ನುಡಿಯಲ್ಲಿಯೇ ಹೊರಬೀಳುವುದು.

ಆದುದರಿಂದ ಕನ್ನಡ ಸಂಘವು ತನ್ನ ಊರಿಗೆ ಮರಳಿದ ಪ್ರತಿಯೊಬ್ಬ ಸೈನಿಕನ ಮನೆಯನ್ನೂ ತಿಳಿದಿರಬೇಕು. ಸನ್ಮಾನದ ಶಾಲು ಒಂದು ದಿನದ್ದು. ಮೊದಲ ಒಂದೆರಡು ವರ್ಷ ಅವನಿಗೆ ಬೇಕಾದದ್ದು ಕೆಲಸ, ಕಾಗದಪತ್ರಗಳಿಗೆ ನೆರವು, ಆಗಾಗ ಬಂದು ಕುಳಿತು ಮಾತನಾಡುವ ಜನ. ನಿದ್ದೆಗೆಟ್ಟು, ಕುಡಿತಕ್ಕೆ ಬಿದ್ದು, ಜನರಿಂದ ದೂರ ಸರಿಯುತ್ತಿದ್ದರೆ ಅದನ್ನು ಸೊಕ್ಕೆಂದು ಬಗೆಯದೆ ನೇರವಾಗಿ, ಮೆಲ್ಲಗೆ ವಿಚಾರಿಸಬೇಕು. ವಿಚಾರಿಸಿದರೆ ಆ ಯೋಚನೆ ಬಲಿಯುತ್ತದೆಂಬ ಭಯ ತಪ್ಪು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿದ್ದು, ಕನ್ನಡದಲ್ಲಿಯೂ ಉತ್ತರಿಸುತ್ತದೆ. ಈ ಅಂಕಿಯನ್ನು ಪ್ರತಿಯೊಂದು ಮನೆಯವರೂ ಬರೆದಿಟ್ಟುಕೊಳ್ಳಲಿ.

ಮಡಿದವರಿಗೆ ಕಲ್ಲು ನಿಲ್ಲಿಸುವುದನ್ನು ನಮ್ಮ ಹಿರಿಯರು ಕಲಿಸಿದ್ದಾರೆ. ಬದುಕಿ ಬಂದವರ ಜೊತೆಯಲ್ಲಿ ನಿಲ್ಲುವುದು ನಮ್ಮ ತಲೆಮಾರು ಕಲಿಯಬೇಕಾದ ಪಾಠ.