ಹೊಸ್ತಿಲು ದಾಟದ ನಿಧಿ

ಬೆಂಗಳೂರಿನಲ್ಲಿ ರಾಜಕಾಲುವೆಗೆ ಅಂಟಿಕೊಂಡ ತಗ್ಗಿನ ಓಣಿಗಳಿಗೆ ಹೋಗಿ ನೋಡಿ. ಬಾಗಿಲಿಗೆ ಅಡ್ಡಲಾಗಿ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ, ಇಟ್ಟಿಗೆ ಮೇಲೇರಿದ ಫ್ರಿಜ್ಜು, ಅಟ್ಟದಲ್ಲಿ ಅಕ್ಕಿ ಮೂಟೆ, ಮಕ್ಕಳ ಪುಸ್ತಕ. ಚೀಟಿ ಎತ್ತಿಯೋ ಸಂಘದಲ್ಲಿ ಸಾಲ ಮಾಡಿಯೋ ಕಟ್ಟಿಕೊಂಡ ರಕ್ಷಣೆ ಇದು. ನೀರು ನುಗ್ಗುವ ಮುಂಚೆಯೇ ದುಡ್ಡು ಹಾಕಬೇಕು ಅನ್ನುವುದು ಈ ಮನೆಗಳಿಗೆ ಎಂದೋ ಗೊತ್ತು. ಸರ್ಕಾರದ ಲೆಕ್ಕಕ್ಕೆ ಅದು ಬಂದದ್ದು ತೀರಾ ತಡವಾಗಿ.

1957ರಲ್ಲಿ ಎರಡನೇ ಹಣಕಾಸು ಆಯೋಗವು ಪ್ರಕೃತಿ ವಿಕೋಪದ ಖರ್ಚಿಗೆಂದು ರಾಜ್ಯಗಳು ಒಂದಿಷ್ಟು ಹಣ ತೆಗೆದಿಡುವ ಪದ್ಧತಿ ತಂದಿತು. ಒಂಬತ್ತನೇ ಆಯೋಗದ ಶಿಫಾರಸಿನಂತೆ 1990ರಲ್ಲಿ ವಿಪತ್ತು ಪರಿಹಾರ ನಿಧಿ ಬಂತು. ಗಂಜಿ ಕೇಂದ್ರ, ಹೊದಿಕೆ, ಕುಸಿದ ಮನೆಗೆ ಪರಿಹಾರ ಎಲ್ಲವೂ ಅನಾಹುತ ಆದ ಮೇಲಿನ ಖರ್ಚೇ. ಸುನಾಮಿಯ ಮರುವರ್ಷ, 2005ರಲ್ಲಿ ಜಾರಿಯಾದ ವಿಪತ್ತು ನಿರ್ವಹಣಾ ಕಾಯ್ದೆ, ಅಪಾಯ ತಗ್ಗಿಸುವುದಕ್ಕೇ ಪ್ರತ್ಯೇಕ ನಿಧಿ ಇರಬೇಕೆಂದು 47ನೇ ಸೆಕ್ಷನ್ನಿನಲ್ಲಿ ಹೇಳಿತು. ಆ ರಾಷ್ಟ್ರೀಯ ಉಪಶಮನ ನಿಧಿ ರಚನೆಯಾದದ್ದು 2021ರಲ್ಲಿ!

ಕಾಯ್ದೆ ಬಂದ ವರ್ಷವೇ, ಜುಲೈ 26ರಂದು, ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಲ್ಲಿನ ಮಳೆನೀರು ಚರಂಡಿಗಳ ಸುಧಾರಣೆಗೆ 1993ರಲ್ಲೇ ಯೋಜನೆ ತಯಾರಾಗಿತ್ತು. ಅದಕ್ಕೆ ಕೇಂದ್ರದ ದೊಡ್ಡ ನೆರವು ಸಿಕ್ಕಿದ್ದು ಹೆಣಗಳ ಲೆಕ್ಕ ಮುಗಿದ ಮೇಲೆ. ಇದನ್ನು ಬರೆಯುವಾಗ ಇವತ್ತಿಗೂ ಸಂಕಟವಾಗುತ್ತದೆ.

ನಿಜವಾದ ತಿರುವು ಹದಿನೈದನೇ ಹಣಕಾಸು ಆಯೋಗದ್ದು. 2021ರಿಂದ 2026ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗೆ ನಿಗದಿಯಾದ 1,60,153 ಕೋಟಿ ರೂಪಾಯಿಯಲ್ಲಿ ಶೇ. 20ನ್ನು ಅದು ಉಪಶಮನಕ್ಕೆ ಮೀಸಲಿಟ್ಟಿತು. ಏಳು ಮಹಾನಗರಗಳ ನೆರೆ ತಡೆಗೆ ರಾಷ್ಟ್ರೀಯ ನಿಧಿಯಿಂದ 2,500 ಕೋಟಿ. ಅದರಲ್ಲಿ ಬೆಂಗಳೂರಿನ ಪಾಲು 250 ಕೋಟಿ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇಂಥ ಹಣ ದೊಡ್ಡ ಕಾಲುವೆ, ಕೆರೆ, ಮುನ್ಸೂಚನೆ ಯಂತ್ರಗಳ ಕಡೆ ಹರಿಯುತ್ತದೆ. ಹಕ್ಕುಪತ್ರವಿಲ್ಲದ ಮನೆ, 1973ರ ಕೊಳೆಗೇರಿ ಕಾಯ್ದೆಯಡಿ ಘೋಷಣೆಯಾಗದ ಓಣಿ ಯಾವ ಅಂದಾಜು ಪಟ್ಟಿಯಲ್ಲೂ ಸುಲಭವಾಗಿ ಕಾಣಿಸುವುದಿಲ್ಲ. ಅಲ್ಲಿಗೆ ಬೇಗ ತಲುಪುವುದು ತೆರವಿನ ನೋಟಿಸು.

ಬೇರೆ ದಾರಿಗಳೂ ಇವೆ. ಥಾಯ್ಲೆಂಡ್ 2003ರಲ್ಲಿ ಆರಂಭಿಸಿದ 'ಬಾನ್ ಮನ್‌ಕೊಂಗ್' ಯೋಜನೆಯಲ್ಲಿ ಹಣ ನೇರವಾಗಿ ನಿವಾಸಿಗಳ ಉಳಿತಾಯ ಗುಂಪಿನ ಕೈಗೇ ಹೋಗುತ್ತದೆ. ಮನೆ ಎಲ್ಲಿ, ಚರಂಡಿ ಹೇಗೆ ಎಂದು ಅವರೇ ಕೂತು ತೀರ್ಮಾನಿಸುತ್ತಾರೆ. ಕೊಲಂಬಿಯಾದ ಮನಿಸಾಲೆಸ್ ನಗರವಿರುವುದು ಭೂಕುಸಿತದ ಗುಡ್ಡಗಳ ಮೇಲೆ. ಅಲ್ಲಿ ಇಳಿಜಾರಿನ ಬಡಾವಣೆಗಳ ಹೆಂಗಸರೇ ಕೂಲಿ ಪಡೆದು ಕಾಲುವೆಗಳ ಹೂಳು, ಕಸ ತೆಗೆಯುತ್ತಾರೆ, ಬಿರುಕು ಕಂಡರೆ ನಗರಾಡಳಿತಕ್ಕೆ ತಿಳಿಸುತ್ತಾರೆ. ಅವರಿಗೆ 'ಇಳಿಜಾರಿನ ಕಾವಲುಗಾರ್ತಿಯರು' ಎಂದೇ ಹೆಸರು. ಇದೇ ಊರಲ್ಲಿ ಆಸ್ತಿ ತೆರಿಗೆಯ ಜೊತೆ ಇಷ್ಟವಿದ್ದವರು ವಿಮೆಯ ಕಂತನ್ನೂ ಕಟ್ಟಬಹುದು. ಕಟ್ಟುವವರ ಪ್ರಮಾಣ ಒಂದು ಮಟ್ಟ ಮುಟ್ಟಿದರೆ ತೆರಿಗೆ ವಿನಾಯಿತಿಯಿರುವ ಬಡವರ ಮನೆಗೂ ಅದೇ ವಿಮೆ ಅನ್ವಯಿಸುತ್ತದೆ.

ಬೆಂಗಳೂರಿನಲ್ಲೂ ಆಸ್ತಿ ತೆರಿಗೆಯ ಜೊತೆ ಸೆಸ್ ಕಟ್ಟುವುದು ನಮಗೆ ರೂಢಿಯೇ. ರಾಜಕಾಲುವೆಯಂಚಿನ ಆ ಓಣಿಗಳ ಹೆಸರಿನಲ್ಲಿ ಇನ್ನೊಂದಿಷ್ಟು ಕೇಳಿದರೆ ಸಂತೋಷವಾಗಿ ಕಟ್ಟುತ್ತೇನೆ.